ಟೊಮೆಟೊ ಎಲೆ ಮುಟುರು: ತಡೆಯುವ ತಳಿಗೇ ರೋಗ ಬಂದಿದೆ, ಇದು ಹೊಸ ವೈರಸ್ಸಾ?

ಮಾವಿನತೋಪು:
ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀನಿವಾಸಪುರದ ಕಡೆ. ಒಂದೂವರೆ ಎಕರೆ ಟೊಮೆಟೊ ಹಾಕಿದ್ದೇನೆ. ಮಲ್ಚಿಂಗ್, ಡ್ರಿಪ್, ಕಡ್ಡಿ ಎಲ್ಲ ಮುಗಿದಿದೆ. ಎಲೆ ಮುಟುರು ಬರುವುದಿಲ್ಲ ಎಂದು ಹೇಳಿ ಕೊಟ್ಟ ಹೈಬ್ರಿಡ್ ಸಸಿ. ನೆಟ್ಟು ನಲವತ್ತು ದಿನ ಆಯಿತು. ಈಗ ಸುಮಾರು ಕಾಲು ಭಾಗ ಗಿಡಗಳಲ್ಲಿ ತುದಿ ಎಲೆ ಮೇಲಕ್ಕೆ ಮಡಚಿಕೊಂಡಿದೆ. ಅಂಚು ಹಳದಿ. ಗಿಡ ಕುಳ್ಳಾಗಿ ನಿಂತುಬಿಟ್ಟಿದೆ. ಹೂವು ಉದುರುತ್ತಿದೆ.

ಔಷಧಿ ಅಂಗಡಿಯವರನ್ನು ಕೇಳಿದೆ. "ಹೊಸ ವೈರಸ್ ಬಂದಿದೆ, ತಳಿಯದ್ದು ತಪ್ಪಲ್ಲ" ಎಂದರು. ಪಕ್ಕದ ತೋಟದವರು "ಕೊರೊನಾ ಥರ ರೂಪ ಬದಲಾಯಿಸಿದೆ" ಎನ್ನುತ್ತಾರೆ. ಯಾರನ್ನು ಕೇಳಿದರೂ ಹೊಸದು, ಹೊಸದು. ನನ್ನ ಪ್ರಶ್ನೆ ಇಷ್ಟೇ. ಹೊಸದು ಎಂದು ಗೊತ್ತಾಗುವುದು ಹೇಗೆ? ಯಾರು ನೋಡಿ ಹೇಳುತ್ತಾರೆ? ಕಣ್ಣಲ್ಲಿ ನೋಡಿದರೆ ತಿಳಿಯುತ್ತದಾ? ಫೋಟೊ ಹಾಕಿದ್ದೇನೆ. ಗೊತ್ತಿರುವವರು ಹೇಳಿ.

ಬ್ಯಾಡಗಿ ಕಾಯಿ:
ಅಣ್ಣಾರ, ಮೊದಲು ಎಲೆ ತಿರುಗಿಸಿ ನೋಡ್ರಿ. ನಮ್ಮ ಮೆಣಸಿನಕಾಯಿ ಗಿಡದಾಗ ಮುಟುರು ಅಂದರೆ ಮೂರು ಥರ. ಥ್ರಿಪ್ಸ್ ಹೀರಿದರೆ ಎಲೆ ಮೇಲಕ್ಕೆ ದೋಣಿ ಹಂಗ ಆಗುತ್ತದೆ. ಮೈಟ್ ನುಸಿ ಹೀರಿದರೆ ಕೆಳಕ್ಕೆ ಮಡಚುತ್ತದೆ. ಮೂರನೆಯದು ವೈರಸ್. ಒಂದು ವರ್ಷ ನಾನು ನುಸಿ ಬಂದದ್ದನ್ನು ವೈರಸ್ ಅಂದುಕೊಂಡು ಹೊಲಾನೇ ಕಿತ್ತು ಹಾಕಿದೆ. ಸುಮ್ನೆ ನಷ್ಟ. ಒಂದು ಭೂತಗನ್ನಡಿ ತಗೊಳ್ರಿ, ದೊಡ್ಡ ಖರ್ಚಲ್ಲ.

ಎಲೆಚುಕ್ಕೆ:
ನಾನು ಸಸ್ಯರೋಗ ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಟೊಮೆಟೊ ವೈರಸ್‌ಗಳೇ ನನ್ನ ಕೆಲಸ. ಫೋಟೊ ನೋಡಿದರೆ ನುಸಿಯ ಥರ ಕಾಣುವುದಿಲ್ಲ. ಬಿಳಿ ನೊಣ ಹರಡುವ ಎಲೆ ಮುಟುರು ನಂಜು ರೋಗದ ಥರವೇ ಇದೆ. ಆದರೆ ಇದು ಹೊಸದಾ ಹಳೆಯದಾ ಎಂದು ಫೋಟೊ ನೋಡಿ ಹೇಳುವವರನ್ನು ನಂಬಬೇಡಿ ಅಣ್ಣ. ನನ್ನನ್ನೂ ಸೇರಿಸಿ.

ಕಾರಣ ಹೇಳುತ್ತೇನೆ. ಈ ಗುಂಪಿನ ವೈರಸ್‌ಗೆ ಬೆಗೊಮೊವೈರಸ್ ಎಂದು ಹೆಸರು. ಭಾರತದಲ್ಲಿ ಟೊಮೆಟೊಗೆ ಬರುವಂಥವೇ ಎಷ್ಟೋ ಇವೆ. ಬೆಂಗಳೂರು ವೈರಸ್, ಕರ್ನಾಟಕ ವೈರಸ್, ನವದೆಹಲಿ ವೈರಸ್, ಗುಜರಾತ್ ವೈರಸ್, ಹೀಗೆ ಊರಿನ ಹೆಸರಿಟ್ಟುಕೊಂಡು ಒಂದು ದೊಡ್ಡ ಪಟ್ಟಿಯೇ ಇದೆ. ಗಿಡದ ಮೇಲೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅದೇ ಕುಳ್ಳು, ಅದೇ ಮುದುಡು, ಅದೇ ಹಳದಿ.

ಇನ್ನೊಂದು ಮಾತು. "ತಡೆಯುವ ತಳಿಗೆ ರೋಗ ಬಂತು" ಎಂದ ತಕ್ಷಣ ಎಲ್ಲರೂ ವೈರಸ್ ಕಡೆಗೇ ಬೆರಳು ತೋರಿಸುತ್ತಾರೆ. ಇಲ್ಲಿ ಮೂರು ಜೀವ ಇವೆ: ಗಿಡ, ವೈರಸ್, ನೊಣ. ಮೂರಕ್ಕೂ ಒಂದೊಂದು ಜಾತಕ ಇದೆ. ಜೀನೋಟೈಪ್ ಎಂದರೆ ಅದೇ, ಆ ಜೀವದ ಒಳಗೆ ಬರೆದಿಟ್ಟ ಅಕ್ಷರಗಳು. ಮೂರರಲ್ಲಿ ಯಾವುದು ಬದಲಾದರೂ ನಿಮ್ಮ ತೋಟದಲ್ಲಿ ಕಾಣುವುದು ಒಂದೇ: ಮುದುಡಿದ ಎಲೆ. ಹಾಗಾಗಿ ಮೊದಲು ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ತೋಟದ ಸಾಲು ಬರೆದು, ಯಾವ ಗಿಡಕ್ಕೆ ರೋಗ ಇದೆ ಎಂದು ಚುಕ್ಕೆ ಇಡಿ. ಔಷಧಿ ಆಮೇಲೆ ನೋಡೋಣ.

ಕೋಡುಬಳೆ:
ನಾನು ಸಾಫ್ಟ್‌ವೇರ್ ಮನುಷ್ಯ. ಕೃಷಿ ಗೊತ್ತಿಲ್ಲ, ಊಟಕ್ಕೆ ಟೊಮೆಟೊ ಗೊತ್ತು. ಒಂದು ಕುತೂಹಲ. ಅಕ್ಷರ ಓದಿ ನೋಡಿದಿರಿ ಎಂದುಕೊಳ್ಳೋಣ. ಎಷ್ಟು ಅಕ್ಷರ ಬೇರೆಯಾದರೆ "ಹೊಸದು"? ವೈರಸ್ ಅಂದರೆ ದಿನಾ ಬದಲಾಗುತ್ತಿರುತ್ತದೆ ಅಲ್ವಾ? ಎಲ್ಲೋ ಒಂದು ಗೆರೆ ಎಳೆಯಬೇಕಲ್ಲ?

ಎಲೆಚುಕ್ಕೆ:
ಗೆರೆ ಎಳೆದಿದ್ದಾರೆ. 91 ಪರ್ಸೆಂಟ್. ಬೆಗೊಮೊವೈರಸ್‌ನ ಡಿಎನ್‌ಎ ತುಂಬ ಚಿಕ್ಕದು, ಒಂದು ಉಂಗುರ, ಸುಮಾರು 2,700 ಅಕ್ಷರ. ಅದನ್ನು ಪೂರ್ತಿ ಓದಿ, ಈವರೆಗೆ ಗೊತ್ತಿರುವ ಎಲ್ಲ ವೈರಸ್‌ಗಳ ಜೊತೆ ಒಂದೊಂದಾಗಿ ಹೋಲಿಸಬೇಕು. ಯಾವುದರ ಜೊತೆಗೂ 91 ಪರ್ಸೆಂಟ್ ಮುಟ್ಟದಿದ್ದರೆ ಅದು ಹೊಸ ಪ್ರಭೇದ. ಅಂದರೆ 2,700ರಲ್ಲಿ ಸುಮಾರು 250 ಅಕ್ಷರವಾದರೂ ಬೇರೆ ಇರಬೇಕು. 91 ದಾಟಿದೆ, ಆದರೆ 94 ಮುಟ್ಟಿಲ್ಲ ಎಂದರೆ ಹಳೇ ಪ್ರಭೇದದ ಹೊಸ ಸ್ಟ್ರೇನ್, ಅಂದರೆ ಒಳಪಂಗಡ. 94ರ ಮೇಲಿದ್ದರೆ ಹಳೇ ಗಿರಾಕಿಯೇ, ಹೊಸ ಅಂಗಿ ಹಾಕಿದ್ದಾನೆ ಅಷ್ಟೇ.

ಈ ಗೆರೆಯನ್ನು ದೇವರು ಎಳೆದಿಲ್ಲ. 2015ಕ್ಕೆ ಮುಂಚೆ ಅದು 89 ಇತ್ತು. ಸಾವಿರಾರು ಉಂಗುರಗಳನ್ನು ಹೋಲಿಸಿ ನೋಡಿ 91 ಎಂದು ಬದಲಾಯಿಸಿದರು. ಹಾಗಾಗಿ ಯಾರಾದರೂ "ನಾವು ಹೊಸ ವೈರಸ್ ಕಂಡುಹಿಡಿದೆವು" ಎಂದರೆ, ಯಾವ ವರ್ಷದ ಗೆರೆ ಎಂದು ಕೇಳಬೇಕು.

ಕೋಡುಬಳೆ:
ಉಂಗುರ ಎಂದಿರಿ. ಉಂಗುರವನ್ನು ಅಕ್ಷರದ ಸಾಲಾಗಿ ಬರೆದರೆ ಎಲ್ಲಿಂದ ಶುರು ಮಾಡುತ್ತೀರಿ? ನನ್ನ ಹೆಸರಿನ ತಿಂಡಿಗೂ ಇದೇ ಸಮಸ್ಯೆ. ಯಾವ ತುದಿಯಿಂದ ಕಚ್ಚುವುದು?

ಎಲೆಚುಕ್ಕೆ:
ನಿಮ್ಮ ತಿಂಡಿಗಾದರೂ ಜೋಡಿಸಿದ ಜಾಗ ಕಾಣುತ್ತದೆ. ಇದಕ್ಕೂ ಒಂದು ಜೋಡಿಸಿದ ಜಾಗ ಇದೆ. ಈ ಗುಂಪಿನ ಎಲ್ಲ ವೈರಸ್‌ಗಳಲ್ಲೂ ಒಂಬತ್ತು ಅಕ್ಷರದ ಒಂದು ತುಂಡು ಇರುತ್ತದೆ: ಟಿ-ಎ-ಎ-ಟಿ-ಎ-ಟಿ-ಟಿ-ಎ-ಸಿ. ವೈರಸ್ ತನ್ನ ನಕಲು ಮಾಡಲು ಉಂಗುರವನ್ನು ಕತ್ತರಿಸುವುದು ಅಲ್ಲೇ, ಏಳನೆಯ ಮತ್ತು ಎಂಟನೆಯ ಅಕ್ಷರದ ನಡುವೆ. ಎಲ್ಲರೂ ಅಲ್ಲಿಂದಲೇ ಎಣಿಸುತ್ತಾರೆ. ಇದನ್ನು ಮರೆತು ಬೇರೆ ಜಾಗದಿಂದ ಶುರು ಮಾಡಿ ಹೋಲಿಸಿದ ಒಬ್ಬರಿಗೆ 60 ಪರ್ಸೆಂಟ್ ಬಂತು. ಒಂದು ದಿನ ಪೂರ್ತಿ "ಹೊಸ ಪ್ರಭೇದ ಸಿಕ್ಕಿತು" ಎಂದು ಕುಣಿದರು. ಆ ಒಬ್ಬರು ನಾನೇ.

ಹಳೇ ಜೀಪು:
ಕೃಷಿ ಇಲಾಖೆಯಲ್ಲಿ ಬಹಳ ವರ್ಷ ಇದ್ದು ನಿವೃತ್ತನಾದವನು ನಾನು. ಈ ಹುಡುಗಿ ಹೇಳಿದ ಮೂರು ಜಾತಕದ ಮಾತು ನನಗೆ ಹಿಡಿಸಿತು. ಅದರಲ್ಲಿ ನೊಣದ ಜಾತಕವನ್ನು ಎಲ್ಲರೂ ಮರೆಯುತ್ತಾರೆ.

1999ರ ಬೇಸಿಗೆ ಕಳೆದು ಮಳೆ ಶುರುವಾಗುವ ಹೊತ್ತು. ಕೋಲಾರದ ಸುತ್ತ ಟೊಮೆಟೊ ತೋಟಕ್ಕೆ ಕಾಲಿಟ್ಟರೆ ಬಿಳಿ ನೊಣ ಬೂದಿ ಎದ್ದ ಹಾಗೆ ಏಳುತ್ತಿತ್ತು. ಬಾಯಿ ತೆರೆದು ಮಾತಾಡುವ ಹಾಗಿರಲಿಲ್ಲ. ಎಲೆ ಮುಟುರು ಮೊದಲೂ ಇತ್ತು. ಆದರೆ ಆ ವರ್ಷದ್ದೇ ಬೇರೆ. ತೋಟಕ್ಕೆ ತೋಟವೇ ಹೋಯಿತು. ನಾವೆಲ್ಲ ಅಂದುಕೊಂಡದ್ದು ಇದೇ, ಹೊಸ ವೈರಸ್ ಬಂತು ಎಂದು. ಆಮೇಲೆ ತಿಳಿದದ್ದು, ಹೊಸದಾಗಿ ಬಂದದ್ದು ನೊಣ. ಬಿ ಬಯೊಟೈಪ್ ಎಂಬ ಹೊರದೇಶದ ಬಿಳಿ ನೊಣ ದಕ್ಷಿಣ ಭಾರತದಲ್ಲಿ ಮೊದಲು ಗುರುತು ಸಿಕ್ಕಿದ್ದು ನಮ್ಮ ಕೋಲಾರದಲ್ಲಿ, ಆ ವರ್ಷ. ಕಣ್ಣಿಗೆ ನಮ್ಮ ನಾಡಿನ ನೊಣದ ಥರವೇ. ಅದೇ ಬಿಳಿ ರೆಕ್ಕೆ, ಅದೇ ಗಾತ್ರ. ಆದರೆ ಟೊಮೆಟೊ ಮೇಲೆ ಮರಿ ಹಾಕುವುದರಲ್ಲಿ ನಮ್ಮದಕ್ಕಿಂತ ಬಹಳ ಜೋರು.

ಅದನ್ನು ಲ್ಯಾಬಿಲ್ಲದೆ ಗುರುತಿಸುವ ಒಂದು ಉಪಾಯ ಇದೆ. ಜುಕಿನಿ ಥರದ ಕುಂಬಳದ ಗಿಡವನ್ನು ಪರದೆ ಒಳಗೆ ಬೆಳೆಸಿ, ಅದರ ಮೇಲೆ ಈ ನೊಣ ಬಿಡಿ. ನೊಣದ ಮರಿ ರಸ ಹೀರಿದ ಮೇಲೆ ಬರುವ ಹೊಸ ಎಲೆ ಬೆಳ್ಳಿ ತಗಡಿನ ಥರ ಹೊಳೆದರೆ ಬಿ ಬಯೊಟೈಪ್. ನಮ್ಮ ನಾಡಿನ ನೊಣಕ್ಕೆ ಹಾಗಾಗುವುದಿಲ್ಲ. ಎಲೆಯೇ ನೊಣದ ಜಾತಕ ಓದಿ ಹೇಳುತ್ತದೆ.

ಕೋಡುಬಳೆ:
ಜೀಪು ಸರ್, ಇದು ನಾನು ಇಲ್ಲಿ ಓದಿದ ಒಳ್ಳೇ ಪೋಸ್ಟ್. ಮನೆ ಬಾಲ್ಕನಿಯಲ್ಲಿ ಜುಕಿನಿ ಹಾಕಬೇಕು ಅನಿಸಿತು.

ಎಲೆಚುಕ್ಕೆ:
ಜೀಪು ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲ್ಯಾಬಿನಲ್ಲಾದರೆ ನೊಣದ ಮೈಟೊಕಾಂಡ್ರಿಯಾದಲ್ಲಿರುವ ಒಂದು ಜೀನಿನ ಅಕ್ಷರ ಓದುತ್ತಾರೆ. 3.5 ಪರ್ಸೆಂಟ್‌ಗಿಂತ ಜಾಸ್ತಿ ಬೇರೆಯಾದರೆ ಬೇರೆ ಜಾತಿಯ ನೊಣ ಎಂದು ಲೆಕ್ಕ. ವೈರಸ್‌ಗೆ 9 ಪರ್ಸೆಂಟ್, ನೊಣಕ್ಕೆ 3.5. ಒಬ್ಬೊಬ್ಬರಿಗೆ ಒಂದೊಂದು ಅಳತೆಗೋಲು. ಬಿ ಬಯೊಟೈಪ್‌ಗೆ ಈಗ ಮೀಮ್-1 ಎಂಬ ಹೆಸರು ಚಾಲ್ತಿಯಲ್ಲಿದೆ. ಅದರ ಮೂಲ ಮಧ್ಯಪ್ರಾಚ್ಯದ ಕಡೆ.

ಪ್ರೋಟ್ರೇ:
ನಮ್ಮದು ನರ್ಸರಿ. ಇಲ್ಲಿ ಮಾತು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಕೊನೆಗೆ "ನರ್ಸರಿಯವರು ಮೋಸ ಮಾಡಿದರು" ಎಂದು ನಿಲ್ಲುತ್ತದೆ. ನಾವು ಐವತ್ತು ಮೆಶ್, ಅಂದರೆ ಇಂಚಿಗೆ ಐವತ್ತು ಕಣ್ಣಿರುವ ನೈಲಾನ್ ಪರದೆ ಹಾಕಿ, ಎರಡು ಬಾಗಿಲು ಇಟ್ಟು, ಒಳಗೆ ಬರುವವರ ಕೈಕಾಲು ತೊಳೆಸಿ ಸಸಿ ಬೆಳೆಸುತ್ತೇವೆ. ರೈತರು ಅದನ್ನು ತೆಗೆದುಕೊಂಡು ಹೋಗಿ, ಸುತ್ತ ಕಾಂಗ್ರೆಸ್ ಗಿಡ ಎದೆಯೆತ್ತರ ಬೆಳೆದ ಹೊಲದ ಪಕ್ಕ ನೆಡುತ್ತಾರೆ. ಆ ಕಳೆಯಲ್ಲೇ ವೈರಸ್ ಕೂತಿರುತ್ತದೆ. ಬಿಳಿ ನೊಣ ಅಲ್ಲಿಂದ ಇಲ್ಲಿಗೆ ಬಂದು ಸ್ವಲ್ಪ ಹೊತ್ತು ರಸ ಹೀರಿದರೆ ಸಾಕು. ನಾವು ಏನು ಮಾಡುವುದು?

ಮಾವಿನತೋಪು:
ಅಣ್ಣ, ನಾನು ನರ್ಸರಿಯ ಹೆಸರೇ ಎತ್ತಿಲ್ಲ. ಕಳೆ ವಿಚಾರ ಒಪ್ಪುತ್ತೇನೆ. ಬದುವಿನಲ್ಲಿ ಕಾಂಗ್ರೆಸ್ ಗಿಡ ಇದೆ, ಸುಳ್ಳು ಹೇಳುವುದಿಲ್ಲ. ನಾಳೆಯೇ ಕೀಳಿಸುತ್ತೇನೆ. ಚುಕ್ಕೆ ಇಡುವ ಕೆಲಸ ಮಗಳಿಗೆ ಕೊಟ್ಟಿದ್ದೇನೆ, ರಂಗೋಲಿ ಹಾಕಿದ ಹಾಗೆ ಹಾಕುತ್ತಿದ್ದಾಳೆ.

ಕಡಲಾಚೆ:
ನಾನು ಹಾಸನದವನು. ಈಗ ನೆದರ್‌ಲೆಂಡ್ಸ್‌ನಲ್ಲಿ ತರಕಾರಿ ಬೀಜದ ಕೆಲಸ. ಗಿಡದ ಜಾತಕದ ಬಗ್ಗೆ ಯಾರೂ ಇನ್ನೂ ಹೇಳಿಲ್ಲ, ಹಾಗಾಗಿ ಬರೆಯುತ್ತೇನೆ.

"ತಡೆಯುವ ತಳಿ" ಎಂದರೆ ಒಂದೇ ಅಲ್ಲ. ನಾವು ಬೆಳೆಯುವ ಟೊಮೆಟೊದಲ್ಲಿ ಈ ರೋಗ ತಡೆಯುವ ಶಕ್ತಿ ಇರಲಿಲ್ಲ. ಎಲ್ಲವನ್ನೂ ದಕ್ಷಿಣ ಅಮೆರಿಕದ ಕಾಡು ಟೊಮೆಟೊಗಳಿಂದ ತಂದದ್ದು. ಟಿವೈ-1 ಮತ್ತು ಟಿವೈ-3 ಎಂಬ ಜೀನುಗಳು ಒಂದು ಕಾಡು ಜಾತಿಯಿಂದ ಬಂದವು. ಬಹಳ ಕಾಲ ಇವು ಎರಡು ಬೇರೆ ಬೇರೆ ಜೀನು ಎಂದುಕೊಂಡಿದ್ದರು. 2013ರಲ್ಲಿ ಅಕ್ಷರ ಓದಿ ನೋಡಿದರೆ ಒಂದೇ ಜೀನಿನ ಎರಡು ರೂಪ! ಟಿವೈ-2 ಇನ್ನೊಂದು ಕಾಡು ಜಾತಿಯದ್ದು, ಮೈ ತುಂಬ ರೋಮ ಇರುವ ಗಿಡ. ಅದನ್ನು ಬೆಳೆಸುವ ಟೊಮೆಟೊಗೆ ತಂದವರು ನಮ್ಮ ದೇಶದ ತಳಿ ತಜ್ಞರೇ. ಹಾಗೆ ಬಂದ ತಳಿಯ ಹೆಸರು ಎಚ್-24. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಕ್ರಾಂತಿ, ನಂದಿ, ವೈಭವ್ ತಳಿಗಳು ನಿಮಗೆ ನೆನಪಿರಬಹುದು. ಅವನ್ನು ಎಲೆ ಮುಟುರಿಗಾಗಿಯೇ ಬಿಟ್ಟದ್ದು.

ಮುಖ್ಯ ಮಾತು ಇದು. ಈ ಜೀನುಗಳು ಬೀಗದ ಥರ ಅಲ್ಲ, ಕಾವಲುಗಾರನ ಥರ. ಟಿವೈ-2 ಒಬ್ಬ ಕಾವಲುಗಾರ, ವೈರಸ್ಸಿನ ನಕಲು ಮಾಡುವ ಪ್ರೋಟೀನಿನ ಮುಖ ನೋಡಿ ಗುರುತು ಹಿಡಿಯುತ್ತಾನೆ. ಆ ಮುಖ ಸ್ವಲ್ಪ ಬೇರೆಯಾದರೆ ಸುಮ್ಮನೆ ಒಳಗೆ ಬಿಡುತ್ತಾನೆ. ಟಿವೈ-1 ಇನ್ನೊಂದು ಥರದವನು. ಮುಖ ನೋಡುವುದಿಲ್ಲ, ವೈರಸ್ಸಿನ ಜೀನುಗಳ ಬಾಯಿ ಮುಚ್ಚಿಸುತ್ತಾನೆ. ಆದರೆ ವೈರಸ್ ಜೊತೆಗೆ ಬೀಟಾ ಸ್ಯಾಟಲೈಟ್ ಎಂಬ ಬಾಲಂಗೋಚಿ ಬಂದರೆ ಅವನ ಕೆಲಸವೂ ಕೆಡುತ್ತದೆ. 2020ರಲ್ಲಿ ಇದನ್ನು ತೋರಿಸಿದರು. ಆ ಬಾಲಂಗೋಚಿ 1,350 ಅಕ್ಷರದಷ್ಟು ಚಿಕ್ಕದು. ತಾನಾಗಿ ಬದುಕುವುದಿಲ್ಲ, ವೈರಸ್ಸಿನ ಬೆನ್ನೇರಿ ಬರುತ್ತದೆ.

ಆದ್ದರಿಂದ ಮಾವಿನತೋಪು ಅವರೇ, ನಿಮ್ಮ ತಳಿಯ ಪೊಟ್ಟಣದ ಮೇಲೆ ಯಾವ ಜೀನು ಎಂದು ಇದೆಯಾ ನೋಡಿ. "ವೈರಸ್ ತಡೆಯುತ್ತದೆ" ಎಂದಷ್ಟೇ ಇದ್ದರೆ ಅದು ಏನೂ ಹೇಳಿದ ಹಾಗಲ್ಲ.

ಮಾವಿನತೋಪು:
ಪೊಟ್ಟಣ ನೋಡಿಲ್ಲ ಸರ್. ಸಸಿಯನ್ನೇ ತಂದದ್ದು.

ಬ್ಯಾಡಗಿ ಕಾಯಿ:
ಹಂಗಾದರ ನಿಜವಾಗಿ ಹೊಸ ವೈರಸ್ ಬಂದು ತಳಿ ಮುರಿದದ್ದು ಎಲ್ಲಾದರೂ ಇದೆಯೇನ್ರಿ, ಅಥವಾ ಎಲ್ಲಾ ಅಂಗಡಿಯವರ ಕಥೆಯಾ?

ಕಡಲಾಚೆ:
ಇದೆ. ಚೆನ್ನಾಗಿಯೇ ಇದೆ. ಪಾಕಿಸ್ತಾನದ ಪಂಜಾಬಿನ ಹತ್ತಿ. 1990ರ ದಶಕದಲ್ಲಿ ಅಲ್ಲಿ ಹತ್ತಿಯ ಎಲೆ ಮುಟುರು ಬಂದು ಬೆಳೆ ನೆಲ ಕಚ್ಚಿತು. ತಡೆಯುವ ತಳಿ ಬಂದವು, ಎಲ್ಲರೂ ಉಸಿರು ಬಿಟ್ಟರು. 2001ರಲ್ಲಿ ಬುರೆವಾಲಾ ಎಂಬ ಊರಿನ ಹತ್ತಿರ ಆ ತಳಿಗಳಿಗೇ ರೋಗ ಬಂತು. ಅಕ್ಷರ ಓದಿದರೆ ಅದು ಎರಡು ಹಳೇ ವೈರಸ್‌ಗಳ ಕೂಡಿಕೆ: ಮುಲ್ತಾನ್ ವೈರಸ್ಸಿನ ಒಂದು ತುಂಡು, ಕೊಖ್ರಾನ್ ವೈರಸ್ಸಿನ ಒಂದು ತುಂಡು. ಒಂದೇ ಗಿಡದಲ್ಲಿ ಎರಡೂ ಸೇರಿದಾಗ ಹೀಗೆ ಅದಲು ಬದಲು ಆಗುತ್ತದೆ. ಅದಕ್ಕಿಂತ ಸೋಜಿಗ ಏನೆಂದರೆ, ಆ ಹೊಸ ವೈರಸ್ ಏನನ್ನೂ ಗಳಿಸಿಕೊಂಡಿರಲಿಲ್ಲ, ಕಳೆದುಕೊಂಡಿತ್ತು. ಪ್ರೋಟೀನ್ ಎಂದರೆ ಅಮೈನೊ ಆಮ್ಲದ ಮಣಿಸರ. ಸಿ-2 ಎಂಬ ಪ್ರೋಟೀನಿನಲ್ಲಿ ಸುಮಾರು 150 ಮಣಿ ಇರಬೇಕು. ಇದರಲ್ಲಿ 35 ಮಾತ್ರ ಉಳಿದಿತ್ತು. ಕಾವಲುಗಾರ ಗುರುತು ಹಿಡಿಯುತ್ತಿದ್ದದ್ದು ಅದನ್ನೇ ಇರಬೇಕು ಎಂದು ಊಹೆ. ಮೀಸೆ ಬೋಳಿಸಿಕೊಂಡು ಒಳಗೆ ನುಗ್ಗಿದ ಕಳ್ಳ!

ಎಲೆಚುಕ್ಕೆ:
ಮೀಸೆ ಮಾತು ನನ್ನ ಪ್ರಬಂಧದಲ್ಲಿ ಹಾಕಲೇ? ಗೈಡ್ ಒಪ್ಪುವುದಿಲ್ಲ ಬಿಡಿ.

ಇದಕ್ಕೇ ನಾನು ಉಂಗುರವನ್ನು ಪೂರ್ತಿ ಓದಬೇಕು ಎಂದದ್ದು. ಎಷ್ಟೋ ಲ್ಯಾಬಿನಲ್ಲಿ ವೈರಸ್ಸಿನ ಹೊರಗವಚದ ಜೀನನ್ನು ಮಾತ್ರ ಓದಿ ಹೆಸರು ಕೊಟ್ಟುಬಿಡುತ್ತಾರೆ. ಉಗಾಂಡಾದಲ್ಲಿ ಮರಗೆಣಸಿಗೆ ಬಂದ ವೈರಸ್ ಇದನ್ನು ಚೆನ್ನಾಗಿ ಕಲಿಸಿತು. ಎರಡು ವೈರಸ್ ಕೂಡಿ ಹುಟ್ಟಿದ ಹೊಸದರ ಕವಚದಲ್ಲಿ ಒಂದು ತುಂಡು ಮಾತ್ರ ಇನ್ನೊಂದು ವೈರಸ್ಸಿನದು. ಕವಚ ಮುಟ್ಟಿ ನೋಡುವ ಪರೀಕ್ಷೆಗೆ ಅದು ಹಳೇ ವೈರಸ್ ಥರವೇ ಕಂಡಿತು. 1997ರಲ್ಲಿ ಡಿಎನ್‌ಎ ಓದಿದಾಗಲೇ ಅಸಲಿ ಮುಖ ಹೊರಬಂದದ್ದು.

ಪೂರ್ತಿ ಓದಲು ಈಗ ಒಳ್ಳೆಯ ಉಪಾಯ ಇದೆ. ಫೈ-29 ಎಂಬ ಕಿಣ್ವ ಹಾಕಿದರೆ ಅದು ಉಂಗುರದ ಸುತ್ತ ಗಾಣದೆತ್ತಿನ ಥರ ಸುತ್ತುತ್ತಾ ನಕಲು ಮಾಡುತ್ತಲೇ ಇರುತ್ತದೆ. ಯಾವ ವೈರಸ್ ಎಂದು ಮೊದಲೇ ಗೊತ್ತಿರಬೇಕಾಗಿಲ್ಲ. ಉಂಗುರ ಯಾರದ್ದಾದರೂ ಸರಿ. ಡಿಎನ್‌ಎಯ ಬೇಕಾದ ತುಂಡನ್ನು ಮಾತ್ರ ನಕಲು ಮಾಡುವ ಪಿಸಿಆರ್ ಪರೀಕ್ಷೆಯಲ್ಲಿ ಹಾಗಲ್ಲ, ಹುಡುಕುವ ಮುಖ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದ ಹೊಸಬ ಅಲ್ಲಿ ತಪ್ಪಿಸಿಕೊಳ್ಳಬಹುದು.

ಅಷ್ಟಕ್ಕೂ ಮುಗಿಯುವುದಿಲ್ಲ. ಅಕ್ಷರ ಸಿಕ್ಕಿದ ಮೇಲೆ ಆ ಉಂಗುರವನ್ನು ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಆರೋಗ್ಯವಾದ ಗಿಡಕ್ಕೆ ಹಾಕಿ, ಅದೇ ರೋಗ ಬರುತ್ತದಾ ಎಂದು ನೋಡಬೇಕು. ಬಂದರೆ ಮಾತ್ರ "ಇವನೇ ಮಾಡಿದ್ದು" ಎನ್ನಬಹುದು. ಗಿಡದಲ್ಲಿ ಸಿಕ್ಕ ಮಾತ್ರಕ್ಕೆ ಅವನೇ ಕಳ್ಳ ಅಲ್ಲ. ಜಾತ್ರೆಯಲ್ಲಿ ನಿಂತಿದ್ದ ಅಷ್ಟೇ ಇರಬಹುದು.

ಮಾವಿನತೋಪು:
ಚುಕ್ಕೆ ಇಟ್ಟು ಮುಗಿಯಿತು. ನೋಡಿ ನನಗೇ ಗಾಬರಿ ಆಯಿತು. ರೋಗ ಬಂದ ಗಿಡ ಎಲ್ಲೆಲ್ಲೂ ಚೆಲ್ಲಿಲ್ಲ. ಬಾವಿ ಕಡೆಯ ಹತ್ತು ಸಾಲಿನಲ್ಲಿ ಹೆಚ್ಚುಕಡಿಮೆ ಎಲ್ಲ ಗಿಡಕ್ಕೂ ಇದೆ. ಉಳಿದ ಮೂವತ್ತು ಸಾಲಿನಲ್ಲಿ ಎರಡೇ ಎರಡು ಗಿಡಕ್ಕೆ. ಆಗ ನೆನಪಾಯಿತು. ಮೊದಲು ತಂದ ಸಸಿ ಸಾಲದೆ, ನಾಲ್ಕು ದಿನದ ನಂತರ ಇನ್ನೊಂದಿಷ್ಟು ಟ್ರೇ ತಂದಿದ್ದೆ. ಆ ಹತ್ತು ಸಾಲು ಅವೇ.

ಇನ್ನೊಂದು ತಲೆನೋವು. ತಗ್ಗಿನ ಮೂಲೆಯಲ್ಲಿ ಆರೇಳು ಗಿಡ ಎಲೆ ಹಸಿರಿದ್ದ ಹಾಗೆಯೇ ಬಾಡಿ ಬಿದ್ದಿವೆ. ಮುದುಡಿಲ್ಲ, ಹಳದಿ ಇಲ್ಲ. ಬೆಳಗ್ಗೆ ಚೆನ್ನಾಗಿತ್ತು, ಸಂಜೆಗೆ ಜೋತುಬಿದ್ದಿದೆ. ಇದೂ ಅದೇ ವೈರಸ್ಸಾ?

ಹಳೇ ಜೀಪು:
ಅಲ್ಲಪ್ಪ. ಅದಕ್ಕೆ ಲ್ಯಾಬ್ ಬೇಡ. ಬಾಡಿದ ಗಿಡದ ಬುಡದ ಕಾಂಡವನ್ನು ಒಂದು ಗೇಣು ಕತ್ತರಿಸು. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕಾಂಡದ ತುದಿ ಮಾತ್ರ ನೀರಿಗೆ ತಾಗುವ ಹಾಗೆ ಹಿಡಿ. ಅಲುಗಾಡಿಸಬೇಡ. ಐದು ನಿಮಿಷ ನೋಡು.

ಮಾವಿನತೋಪು:
ಸರ್, ಹಾಲಿನ ಎಳೆ ಥರ ಬಿಳಿ ದಾರ ನೀರಿಗೆ ಇಳಿಯುತ್ತಿದೆ. ಮನೆಯವರೆಲ್ಲ ಲೋಟದ ಸುತ್ತ ನಿಂತಿದ್ದೇವೆ.

ಹಳೇ ಜೀಪು:
ಅದು ದುಂಡಾಣು ಸೊರಗು ರೋಗ. ಆ ಬಿಳಿ ದಾರ ಪೂರ್ತಿ ಬ್ಯಾಕ್ಟೀರಿಯಾ. ಆ ಗಿಡಗಳನ್ನು ಬೇರು ಮಣ್ಣು ಸಮೇತ ತೆಗೆದು ಸುಟ್ಟುಬಿಡು. ಆ ಮೂಲೆಯ ನೀರು ಬೇರೆ ಸಾಲಿಗೆ ಹರಿಯಬಾರದು. ಮುಂದಿನ ಬೆಳೆಗೆ ಅಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಜೋಳವೋ ರಾಗಿಯೋ ಹಾಕು. ಲೋಟ ಮಾತ್ರ ಚೆನ್ನಾಗಿ ತೊಳೆಸು, ಅದರಲ್ಲೇ ಕಾಫಿ ಕುಡಿದೀಯ.

ಎಲೆಚುಕ್ಕೆ:
ಈ ಬ್ಯಾಕ್ಟೀರಿಯಾಗೆ ರಾಲ್ಸ್ಟೋನಿಯ ಎಂದು ಹೆಸರು. ಇದರಲ್ಲೂ ಜಾತಕದ ಕಥೆ ದೊಡ್ಡದೇ. ಮೊದಲು ಯಾವ ಬೆಳೆಗೆ ಬರುತ್ತದೆ ಎಂದು ನೋಡಿ "ರೇಸ್" ಎಂದು ಹಂಚಿದರು. ಆಮೇಲೆ ಯಾವ ಸಕ್ಕರೆ ತಿನ್ನುತ್ತದೆ ಎಂದು ನೋಡಿ "ಬಯೋವಾರ್" ಎಂದರು. ಎರಡೂ ಒಂದಕ್ಕೊಂದು ಸರಿಯಾಗಿ ಹೊಂದುತ್ತಿರಲಿಲ್ಲ. ಡಿಎನ್‌ಎ ಓದಲು ಶುರುವಾದ ಮೇಲೆ ನಾಲ್ಕು ವಂಶ ಕಂಡವು: ಏಷ್ಯಾದ್ದು ಒಂದು, ಅಮೆರಿಕದ್ದು ಒಂದು, ಆಫ್ರಿಕಾದ್ದು ಒಂದು, ಇಂಡೋನೇಷ್ಯಾ ಕಡೆಯದು ಒಂದು. ಹೊಟ್ಟೆ ನೋಡಿ ಹಂಚಿದ್ದಕ್ಕಿಂತ ಊರು ನೋಡಿ ಹಂಚಿದ್ದು ಸರಿಹೋಯಿತು. 2014ರಲ್ಲಿ ಇದನ್ನು ಮೂರು ಬೇರೆ ಬೇರೆ ಜಾತಿ ಎಂದೇ ಮಾಡಿದರು. ನಮ್ಮ ಕಡೆ ಜಾಸ್ತಿ ಸಿಗುವುದು ಏಷ್ಯಾದ ವಂಶ. ಮಲೆನಾಡಿನ ಶುಂಠಿ ಕೊಳೆಸುವುದರಲ್ಲೂ ಇದೇ ವಂಶದ ಕೈ ಇದೆ.

ರೈತರಿಗೆ ಇದರಿಂದ ಏನು ಎಂದರೆ, ಒಂದು ಊರಿನಲ್ಲಿ ಸೊರಗು ತಡೆದ ತಳಿ ಇನ್ನೊಂದು ಊರಿನಲ್ಲಿ ಸೋಲಬಹುದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಇದಕ್ಕೂ, ಎಲೆ ಮುಟುರಿಗೂ, ಎಲೆ ಅಂಗಮಾರಿಗೂ ಸೇರಿ ಬಿಟ್ಟ ತಳಿ. ಜೀಪು ಸರ್ ಹೇಳಿದ ಹಾಗೆ ಜೋಳವೋ ರಾಗಿಯೋ ಬೆಳೆದ ಮೇಲೆ, ಆ ಮೂಲೆಗೆ ಮತ್ತೆ ಟೊಮೆಟೊ ಹಾಕುವಾಗ ಅದನ್ನು ಹಾಕಿ ನೋಡಬಹುದು.

ಈಗ ವೈರಸ್‌ಗೆ ಬರೋಣ. ಆ ಎರಡು ಗಿಡ ನನಗೆ ಬೇಕು! ಹತ್ತು ಸಾಲಿನವೂ ಬೇಕು. ತುದಿಯ ಎಳೆ ಎಲೆ ತೆಗೆಯಿರಿ, ಒಣಗಿದ್ದು ಬೇಡ. ಒಂದು ಗಿಡದ್ದು ಒಂದು ಕಾಗದದ ಕವರ್‌ನಲ್ಲಿ. ಪ್ಲಾಸ್ಟಿಕ್ ಬೇಡ, ಬೆವರಿ ಕೊಳೆಯುತ್ತದೆ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಹರಡುತ್ತದೆ. ಚೆನ್ನಾಗಿರುವ ಗಿಡದ ಎಲೆಯನ್ನೂ ಕಳಿಸಿ. ಅದನ್ನು ಎಲ್ಲರೂ ಮರೆಯುತ್ತಾರೆ. ವಿಳಾಸ ಪ್ರತ್ಯೇಕವಾಗಿ ಕಳಿಸುತ್ತೇನೆ.

ಕೋಡುಬಳೆ:
ಒಂದು ತಲೆಹರಟೆ ಪ್ರಶ್ನೆ. ಈ ವೈರಸ್‌ಗೆ "ಬೆಂಗಳೂರು" ಎಂದು ಯಾಕೆ ಹೆಸರು? ನಮ್ಮೂರಿಗೆ ಇರುವ ಹೆಸರು ಸಾಲದಾ, ಟ್ರಾಫಿಕ್ಕು, ಕಸ, ಈಗ ಇದು ಬೇರೆ.

ಹಳೇ ಜೀಪು:
ಮೊದಲು ಎಲ್ಲಿನ ಗಿಡದಲ್ಲಿ ಸಿಕ್ಕಿತೋ ಆ ಊರಿನ ಹೆಸರು. ರೋಗ ಅಲ್ಲೇ ಹುಟ್ಟಿತು ಎಂದಲ್ಲ. ಗಿಡ ಪರೀಕ್ಷೆಗೆ ಹೋದ ಊರಿಗೆ ವೈರಸ್ ಹೆಸರು ಬಂತು, ಹೋಗದ ಊರು ಬಚಾವ್.

ಕಡಲಾಚೆ:
ನವದೆಹಲಿ ವೈರಸ್ 2012ರಲ್ಲಿ ಸ್ಪೇನಿನ ಜುಕಿನಿಗೆ ಬಂತು. ಅಲ್ಲಿನ ರೈತರು ದೆಹಲಿ ನೋಡಿಲ್ಲ, ಆದರೆ ದಿನಾ ಆ ಹೆಸರು ಹಿಡಿದು ಬೈಯುತ್ತಾರೆ. ಅದರಲ್ಲಿ ಉಂಗುರ ಒಂದಲ್ಲ, ಎರಡು. ಟೊಮೆಟೊದಿಂದ ಕುಂಬಳದ ಜಾತಿಗೆ ಅಷ್ಟು ಚೆನ್ನಾಗಿ ಹಾರಿದ್ದು ನೋಡಿ ಎಲ್ಲರೂ ಬೆಚ್ಚಿದರು.

ಮಾವಿನತೋಪು:
ಮೂರು ವಾರ ಆಯಿತು. ಫಲಿತಾಂಶ ಬಂದಿದೆ. ಮೇಡಂ ಫೋನ್ ಮಾಡಿ ವಿವರ ಹೇಳಿದರು. ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ಅವರು ತಿದ್ದಲಿ.

ಹತ್ತು ಸಾಲಿನ ಗಿಡದಲ್ಲಿ ಇದ್ದದ್ದು ಬೆಂಗಳೂರು ವೈರಸ್ಸೇ. 97 ಪರ್ಸೆಂಟ್ ಹೊಂದಿತು. ಹಳೇ ಗಿರಾಕಿ, ಹೊಸ ಅಂಗಿ. ಹೊಸದಾಗಿ ಸಿಕ್ಕಿದ್ದು ಗಿಡದಲ್ಲಿ. ಟಿವೈ-2 ಇದೆಯಾ ಎಂದು ನೋಡುವ ಪಿಸಿಆರ್ ಮಾಡಿದರಂತೆ. ನಕಲಾದ ತುಂಡು ಫೋಟೊದಲ್ಲಿ ಗೆರೆಯಾಗಿ ಕಾಣುತ್ತದಂತೆ: ಜೀನು ಇದ್ದರೆ 900 ಅಕ್ಷರದ ಗೆರೆ, ಇಲ್ಲದಿದ್ದರೆ 800 ಅಕ್ಷರದ ಗೆರೆ. ಮೊದಲು ತಂದ ಸಸಿಯಲ್ಲಿ ಎರಡೂ ಗೆರೆ. ಅಪ್ಪನದ್ದೊಂದು ಅಮ್ಮನದ್ದೊಂದು, ಹೈಬ್ರಿಡ್ ಅಲ್ವಾ. ಎರಡನೇ ಸಲ ತಂದ ಸಸಿಯಲ್ಲಿ ಬರೀ 800. ಅಂದರೆ ಅದು ಆ ತಳಿಯೇ ಅಲ್ಲ. ದುಡ್ಡು ಮಾತ್ರ ಅದೇ ಕೊಟ್ಟಿದ್ದೇನೆ.

ಸಸಿ ಕೊಟ್ಟವರ ಹತ್ತಿರ ಹೋಗಿದ್ದೆ. ಹೆಸರು ಇಲ್ಲಿ ಬೇಡ. ಮೊದಲು ಜಗಳಾಡಿದರು. ಗೆರೆ ಫೋಟೊ ತೋರಿಸಿದ ಮೇಲೆ ಸುಮ್ಮನಾದರು. ಆ ವಾರ ಟ್ರೇ ಸಾಲದೆ ಬೇರೆ ಕಡೆಯಿಂದ ತಂದು ಕೊಟ್ಟೆವು ಎಂದು ಒಪ್ಪಿಕೊಂಡರು. ಅರ್ಧ ದುಡ್ಡು ವಾಪಸ್ ಕೊಡುತ್ತೇವೆ ಎಂದಿದ್ದಾರೆ. ಇನ್ನೂ ಕೊಟ್ಟಿಲ್ಲ.

ಪ್ರೋಟ್ರೇ:
ನಾನು ಮೊದಲು ಸಿಟ್ಟಿನಲ್ಲಿ ಬರೆದದ್ದು ತಪ್ಪಾಯಿತು. ಹೀಗೆ ಆಗುತ್ತದೆ, ಸುಳ್ಳಲ್ಲ. ಟೊಮೆಟೊ ದರ ಏರಿದ ವಾರ ಸಸಿಗೆ ಜನ ಮುಗಿಬೀಳುತ್ತಾರೆ. 2023ರಲ್ಲಿ ಬಾಕ್ಸ್ ಎರಡು ಸಾವಿರ ದಾಟಿದಾಗ ನಮ್ಮ ಗೇಟಿನ ಮುಂದೆ ರಾತ್ರಿಯೇ ಬಂದು ನಿಂತಿದ್ದರು. ಅಂಥ ಹೊತ್ತಿನಲ್ಲಿ ಕೆಲವರು ಸಿಕ್ಕಿದ್ದನ್ನು ತುಂಬಿ ಕೊಡುತ್ತಾರೆ. ಟ್ರೇ ಜೊತೆಗೆ ಬೀಜದ ಪೊಟ್ಟಣದ ಖಾಲಿ ಕವರ್ ಕೇಳಿ ತೆಗೆದುಕೊಳ್ಳಿ. ಲಾಟ್ ನಂಬರ್ ಅದರ ಮೇಲೆ ಇರುತ್ತದೆ. ನಾನು ಕೇಳದೆಯೇ ಕೊಡುತ್ತೇನೆ.

ಬ್ಯಾಡಗಿ ಕಾಯಿ:
ಆ ಎರಡು ಗಿಡದ ಕಥೆ ಏನಾತ್ರಿ? ಅದನ್ನು ಯಾರೂ ಹೇಳಲಿಲ್ಲ.

ಎಲೆಚುಕ್ಕೆ:
ಅದೇ ನನಗೆ ನಿದ್ದೆ ಕೆಡಿಸಿರುವುದು. ಆ ಎರಡು ಗಿಡದಲ್ಲಿ ಟಿವೈ-2 ಗುರುತು ಇದೆ. ಆದರೂ ರೋಗ ಇದೆ, ಸ್ವಲ್ಪ ಸೌಮ್ಯವಾಗಿ. ವೈರಸ್ ಉಂಗುರದ ಜೊತೆಗೆ 1,300ರ ಆಸುಪಾಸಿನಲ್ಲಿ ಇನ್ನೊಂದು ಚಿಕ್ಕ ಗೆರೆ ಬಂದಿದೆ. ಕಡಲಾಚೆ ಅವರು ಹೇಳಿದ ಬಾಲಂಗೋಚಿಯ ಗಾತ್ರ. ಅಕ್ಷರ ಓದಲು ಕಳಿಸಿದ್ದೇನೆ. ಎರಡು ಗಿಡದಿಂದ ಏನೂ ಸಾಬೀತಾಗುವುದಿಲ್ಲ. ಮೂವತ್ತು ಸಾಲಿನಲ್ಲಿ ಎರಡು. ನೊಣದ ಕಾಟ ಜಾಸ್ತಿ ಇದ್ದರೆ ಒಳ್ಳೆಯ ಕಾವಲುಗಾರನೂ ಒಮ್ಮೊಮ್ಮೆ ಸೋಲುತ್ತಾನೆ. ಬೀಟಾ ಸ್ಯಾಟಲೈಟೇ ಆಗಿದ್ದರೂ ಅದು ಹೊಸದಲ್ಲದಿರಬಹುದು. ಆರೋಗ್ಯವಾದ ಟಿವೈ-2 ಗಿಡಕ್ಕೆ ಉಂಗುರ ಒಂದನ್ನೇ ಹಾಕಿ, ಬಾಲಂಗೋಚಿ ಸೇರಿಸಿ ಹಾಕಿ, ಎರಡನ್ನೂ ನೋಡಬೇಕು. ತಿಂಗಳುಗಟ್ಟಲೆ ಕೆಲಸ.

ಅಣ್ಣ, ಆ ಎರಡು ಗಿಡ ಕಿತ್ತು ಹಾಕಿಲ್ಲ ತಾನೇ? ನನಗೆ ಇನ್ನೊಮ್ಮೆ ಎಲೆ ಬೇಕು. ಆದರೆ ಅಲ್ಲಿಂದ ನೊಣ ಬೇರೆ ಗಿಡಕ್ಕೆ ಹೋಗಬಾರದು. ಏನಾದರೂ ಮುಚ್ಚಿಡಿ.

ಮಾವಿನತೋಪು:
ಕಿತ್ತಿಲ್ಲ ಮೇಡಂ. ಮಗಳು ಆ ಎರಡಕ್ಕೂ ರಿಬ್ಬನ್ ಕಟ್ಟಿದ್ದಾಳೆ. ಇವತ್ತು ಬೆಳಗ್ಗೆ ಅಮ್ಮನ ಹಳೇ ಸೊಳ್ಳೆಪರದೆ ಕತ್ತರಿಸಿ, ನಾಲ್ಕು ಕಡ್ಡಿ ನೆಟ್ಟು ಗೂಡು ಕಟ್ಟಿದ್ದೇನೆ. ಅಮ್ಮ ಬೈದರು.

ಪ್ರೋಟ್ರೇ:
ಅಯ್ಯೋ ಅಣ್ಣ, ಸೊಳ್ಳೆಪರದೆ ಕಣ್ಣಿನಲ್ಲಿ ಬಿಳಿ ನೊಣ ಮದುವೆ ಮೆರವಣಿಗೆ ಥರ ಹೋಗುತ್ತದೆ. ಅದಕ್ಕೆ ಐವತ್ತು ಮೆಶ್ ಬೇಕು. ನನ್ನ ಹತ್ತಿರ ಮೂರು ಮೀಟರ್ ತುಂಡು ಉಳಿದಿದೆ. ಗುರುವಾರ ಕೋಲಾರದ ಮಂಡಿಗೆ ಬರುತ್ತೇನೆ, ಅಲ್ಲಿ ಸಿಗಿ. ಅಮ್ಮನಿಗೆ ಪರದೆ ಹೊಲಿದು ವಾಪಸ್ ಕೊಡಿ.